ಹದಿಮೂರು ಹಳೆಯ ಹರಳು, ಒಂದು ಹೊಸದು

ದೊಡ್ಡಮ್ಮನ ಬೆಂಡೋಲೆಯಲ್ಲಿ ಒಟ್ಟು ಹದಿನಾಲ್ಕು ವಜ್ರ. ಒಂದೊಂದು ಕಿವಿಗೆ ಏಳು: ನಡುವೆ ಒಂದು, ಸುತ್ತ ಆರು. ಅವರ ಅತ್ತೆಯಿಂದ ಬಂದ ಒಡವೆ ಅದು. ತೀರ್ಥಹಳ್ಳಿ ಕಡೆಯ ಆ ಮನೆಯಲ್ಲಿ ಎಷ್ಟು ಮದುವೆಗಳನ್ನು ಕಂಡಿದೆಯೋ ಲೆಕ್ಕ ಇಟ್ಟವರಿಲ್ಲ. ಎರಡು ವರ್ಷದ ಹಿಂದೆ ಆಷಾಢದಲ್ಲಿ ಎಣ್ಣೆನೀರು ಹಾಕಿಕೊಂಡು ಬಂದು ಕನ್ನಡಿ ನೋಡಿದರೆ ಎಡಗಿವಿಯ ಓಲೆಯಲ್ಲಿ ಒಂದು ಕುಳಿ ಬಾಯಿ ಬಿಟ್ಟುಕೊಂಡಿತ್ತು. ಬಚ್ಚಲ ಕಲ್ಲನ್ನೆಲ್ಲ ತಡವಿದ್ದಾಯಿತು, ನೀರು ಹೋಗುವ ಕಾಲುವೆಯ ಕೆಸರನ್ನು ಜರಡಿ ಹಿಡಿದದ್ದೂ ಆಯಿತು. ಹರಳು ಸಿಗಲಿಲ್ಲ. ಆ ಮಳೆಯಲ್ಲಿ ಅದು ಆಗಲೇ ತೋಟ ದಾಟಿ ತುಂಗೆಯ ದಾರಿ ಹಿಡಿದಿರಬೇಕು.

ಓಲೆಯನ್ನು ಶಿವಮೊಗ್ಗಕ್ಕೆ ತಂದು, ಝಗಮಗಿಸುವ ದೀಪಗಳ ಕೆಳಗೆ ಕೂರಿಸಿ ಕಾಫಿ ಕೊಡುವಂಥ ಅಂಗಡಿಯೊಂದಕ್ಕೆ ಕೊಟ್ಟವನು ನಾನು. ವಾರದಲ್ಲಿ ಹೊಸ ಹರಳು ಕೂರಿಸಿ ಕೊಟ್ಟರು. ರಸೀದಿಯಲ್ಲಿ ‘ಬಣ್ಣ: ಇಎಫ್’ ಎಂದು ಬರೆದಿತ್ತು. ಅಂಗಡಿಯ ಬೆಳಕಿನಲ್ಲಿ ಹದಿನಾಲ್ಕೂ ಒಂದೇ ಸಮನೆ ಹೊಳೆದವು. ಮನೆಗೆ ಬಂದು ಜಗುಲಿಯಲ್ಲಿ ಡಬ್ಬಿ ತೆರೆದಾಗ ದೊಡ್ಡಮ್ಮ ಒಂದೇ ಕ್ಷಣ ನೋಡಿದರು. ‘ಇದೇನೋ, ಬಾಯಲ್ಲಿ ಒಂದು ಹಲ್ಲು ಮಾತ್ರ ಕಟ್ಟಿಸಿಕೊಂಡ ಹಾಗೆ ಕಾಣುತ್ತದಲ್ಲ!’ ಎಂದರು.

ಮರುದಿನ ಅಂಗಡಿಗೆ ಹೋಗಿ ದೂರು ಹೇಳಿದೆ. ಕೌಂಟರಿನ ಹುಡುಗ ವಿನಯದಿಂದಲೇ ಉತ್ತರಿಸಿದ: ‘ಸಾರ್, ನಿಮ್ಮ ಹಳೆಯ ಹರಳುಗಳಿಗಿಂತ ಐದಾರು ಮೆಟ್ಟಿಲು ಮೇಲಿನದನ್ನು ಹಾಕಿದ್ದೇವೆ.’ ಅವನು ಸುಳ್ಳು ಹೇಳುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಹೊಸ ಹರಳು ಉತ್ತಮವಾಗಿತ್ತು, ಓಲೆ ಕೆಟ್ಟಿತ್ತು. ಇದು ಹೇಗೆ ಸಾಧ್ಯ ಎಂಬ ಕುತೂಹಲದಿಂದ ಕೆದಕಲು ಹೋಗಿ ನಾನು ತಿಳಿದುಕೊಂಡದ್ದನ್ನು, ಮಗಳ ಮದುವೆಗೋ ಸೊಸೆಯ ಮೂಗುತಿಗೋ ವಜ್ರ ಕೊಳ್ಳಲು ಹೊರಟವರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ವಜ್ರದ ವಿಷಯದಲ್ಲಿ ‘ಬಣ್ಣ’ ಎಂದರೆ ಬಣ್ಣ ಇಲ್ಲದಿರುವಿಕೆ. ಮಾಣಿಕ್ಯಕ್ಕೆ ಕೆಂಪು ಹೆಚ್ಚಿದಷ್ಟೂ ಬೆಲೆ, ಪಚ್ಚೆಗೆ ಹಸಿರು ಹೆಚ್ಚಿದಷ್ಟೂ ಬೆಲೆ. ಸಾಮಾನ್ಯ ವಜ್ರಕ್ಕೆ ಮಾತ್ರ ತಿಳಿನೀರಿನಂತಿದ್ದಷ್ಟೂ ಬೆಲೆ. ಗಣಿಯಿಂದ ಬರುವ ಹೆಚ್ಚಿನ ವಜ್ರಗಳಲ್ಲಿ ಹಳದಿಯ ಅಥವಾ ಕಂದಿನ ಛಾಯೆ ಸ್ವಲ್ಪವಾದರೂ ಇರುತ್ತದೆ. ಆ ಛಾಯೆ ಎಷ್ಟು ಎಂಬುದಕ್ಕೆ ಇಂಗ್ಲಿಷ್ ವರ್ಣಮಾಲೆಯ ‘ಡಿ’ಯಿಂದ ‘ಝಡ್’ವರೆಗೆ 23 ಅಕ್ಷರಗಳ ಏಣಿ ಇದೆ. ‘ಡಿ’, ‘ಇ’, ‘ಎಫ್’ ಬಣ್ಣವೇ ಇಲ್ಲದವು. ‘ಜಿ’ಯಿಂದ ‘ಜೆ’ವರೆಗೆ ಬಹುತೇಕ ಬಣ್ಣವಿಲ್ಲದವು. ‘ಕೆ’, ‘ಎಲ್’, ‘ಎಂ’ ಬಂದರೆ ನವಿರಾದ ಹಳದಿ. ಅಲ್ಲಿಂದ ಕೆಳಕ್ಕೆ ಹಳದಿ ಮುಚ್ಚುಮರೆ ಬಿಟ್ಟು ಕಾಣತೊಡಗುತ್ತದೆ.

ಏಣಿ ‘ಎ’ಯಿಂದ ಶುರುವಾಗದೆ ‘ಡಿ’ಯಿಂದ ಏಕೆ ಶುರುವಾಗುತ್ತದೆ? ನನ್ನ ಅಣ್ಣನ ಮಗ, ಪಿಯುಸಿ ಓದುವವನು, ‘ಡಿ ಅಂದರೆ ಡಿಸ್ಟಿಂಕ್ಷನ್ ಇರಬೇಕು’ ಎಂದು ಊಹಿಸಿದ. ನಿಜವಾದ ಕಾರಣ ಇದಕ್ಕಿಂತ ಲೌಕಿಕವಾದದ್ದು. ಮೊದಲು ಒಬ್ಬೊಬ್ಬ ವ್ಯಾಪಾರಿ ಒಂದೊಂದು ಬಗೆಯಲ್ಲಿ ಹೇಳುತ್ತಿದ್ದ. ಒಬ್ಬನಿಗೆ ‘ಎ’ ದೊಡ್ಡದು, ಇನ್ನೊಬ್ಬನಿಗೆ ‘ಎಎ’, ಮತ್ತೊಬ್ಬನಿಗೆ ‘ಎಎಎ’. ಕೆಲವರು ರೋಮನ್ ಅಂಕಿ ಬಳಸುತ್ತಿದ್ದರು, ಕೆಲವರು ವೆಸೆಲ್ಟನ್, ಕೇಪ್ ಎಂದು ದಕ್ಷಿಣ ಆಫ್ರಿಕದ ಗಣಿ, ಸೀಮೆಗಳ ಹೆಸರು ಹೇಳುತ್ತಿದ್ದರು. 1931ರಲ್ಲಿ ಶುರುವಾದ ಜೆಮಾಲಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ, ಅಂದರೆ ಜಿಐಎ, 1950ರ ದಶಕದ ಆರಂಭದಲ್ಲಿ ಈ ಗೊಂದಲವನ್ನೆಲ್ಲ ಬದಿಗಿಟ್ಟು, ಯಾರೂ ಕೆಡಿಸಿರದ ಅಕ್ಷರದಿಂದ ಲೆಕ್ಕ ಆರಂಭಿಸಿತು. ರಿಚರ್ಡ್ ಲಿಡಿಕೋಟ್ ಮತ್ತು ಅವರ ಸಹೋದ್ಯೋಗಿಗಳ ಆ ಏಣಿಯೇ ಈಗ ಸೂರತ್ತಿನಿಂದ ಶಿವಮೊಗ್ಗದವರೆಗೆ ಎಲ್ಲರ ಬಾಯಲ್ಲಿ ಇರುವುದು. ಅದಕ್ಕೂ ಶತಮಾನಗಳ ಹಿಂದೆ ನಮ್ಮ ರತ್ನಪರೀಕ್ಷೆಯ ಗ್ರಂಥಗಳು ವಜ್ರದ ಬಣ್ಣಕ್ಕೆ ಜಾತಿಯನ್ನೇ ಹಚ್ಚಿದ್ದವು: ಬಿಳಿಯದು ಬ್ರಾಹ್ಮಣನಿಗೆ, ಕೆಂಪು ಕ್ಷತ್ರಿಯನಿಗೆ, ಹಳದಿ ವೈಶ್ಯನಿಗೆ, ಕಪ್ಪು ಶೂದ್ರನಿಗೆ. ಕಲ್ಲನ್ನೂ ಬಿಡದ ಜನ ನಾವು.

ಹಳದಿ ಎಲ್ಲಿಂದ ಬರುತ್ತದೆ ಎಂಬುದು ಈ ಕಥೆಯ ನನಗಿಷ್ಟವಾದ ಭಾಗ. ವಜ್ರ ಎಂದರೆ ಶುದ್ಧ ಇಂಗಾಲ ಎಂದು ಶಾಲೆಯಲ್ಲಿ ಓದಿದ್ದೇವೆ. ಪೂರ್ತಿ ಶುದ್ಧವಲ್ಲ. ನೆಲದಿಂದ ನೂರೈವತ್ತು ಕಿಲೋಮೀಟರಿಗೂ ಆಳದಲ್ಲಿ, ವಿಪರೀತ ಒತ್ತಡ ಮತ್ತು ಕಾವಿನಲ್ಲಿ ಇಂಗಾಲದ ಪರಮಾಣುಗಳು ಸಾಲುಗಟ್ಟುವಾಗ, ಧಾತುಗಳ ಪಟ್ಟಿಯಲ್ಲಿ ಪಕ್ಕದ ಮನೆಯದಾದ ಸಾರಜನಕ ನಡುವೆ ತೂರಿಕೊಳ್ಳುತ್ತದೆ. ಗಾತ್ರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ ಕಾರಣ ಸಾಲು ಅದನ್ನು ಹೊರಗೆ ದಬ್ಬುವುದಿಲ್ಲ. ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ನೈಸರ್ಗಿಕ ವಜ್ರಗಳಲ್ಲಿ ಹೀಗೆ ಸೇರಿದ ಸಾರಜನಕ ಸಿಗುತ್ತದೆ. ಕೋಟಿಗಟ್ಟಲೆ ವರ್ಷ ಆ ಕಾವಿನಲ್ಲಿ ಇರುವಾಗ ಒಂಟಿ ಪರಮಾಣುಗಳು ಮೆಲ್ಲಗೆ ಸರಿದು ಗುಂಪು ಕಟ್ಟಿಕೊಳ್ಳುತ್ತವೆ. ಎರಡೆರಡಾಗಿ ಕೂತರೆ ಕಣ್ಣಿಗೆ ಬಣ್ಣವೇನೂ ಕಾಣುವುದಿಲ್ಲ. ಒಂದು ಖಾಲಿ ಜಾಗದ ಸುತ್ತ ಮೂರು ಕೂತರೆ ಮಾತ್ರ ಆ ಮೂವರು ಬೆಳಕಿನಲ್ಲಿರುವ ನೇರಳೆ–ನೀಲಿಯ ಒಂದಿಷ್ಟನ್ನು ನುಂಗುತ್ತಾರೆ. ನೀಲಿಯನ್ನು ಕಳೆದುಕೊಂಡ ಬಿಳಿ ಬೆಳಕು ನಮಗೆ ಹಳದಿಯಾಗಿ ಕಾಣುತ್ತದೆ. ದೊಡ್ಡಮ್ಮನ ಹದಿಮೂರು ಹರಳುಗಳ ಹಳದಿ ಇದೇ ಬಗೆಯದು. ವ್ಯಾಪಾರದಲ್ಲಿ ಇದಕ್ಕೆ ಕೇಪ್ ಎಂಬ ಹೆಸರು ಉಳಿದುಕೊಂಡಿದೆ.

ಸಾರಜನಕ ಸೇರದೆ ಉಳಿದ ವಜ್ರಗಳು ನೂರಕ್ಕೆ ಎರಡೂ ಸಿಗುವುದಿಲ್ಲ. ಗೋಲ್ಕೊಂಡದ ಹೆಸರು ಅಷ್ಟು ದೊಡ್ಡದಾಗಲು ಅಂಥ ಹರಳುಗಳೇ ಕಾರಣ. ಕೊಹಿನೂರ್ ಆ ಬಗೆಯದು. ಸಾರಜನಕದ ಬದಲು ಬೋರಾನ್ ಸೇರಿದರೆ ಹರಳು ನೀಲಿ. ಕೃಷ್ಣಾ ತೀರದ ಕೊಲ್ಲೂರಿನದು ಎನ್ನಲಾಗುವ, ಈಗ ವಾಷಿಂಗ್ಟನ್ನಿನಲ್ಲಿರುವ 45.52 ಕ್ಯಾರೆಟ್ಟಿನ ಹೋಪ್ ವಜ್ರದ ನೀಲಿ ಬೋರಾನಿನದು. ಈ ಕೊಲ್ಲೂರು ಆಂಧ್ರದ್ದು, ನಮ್ಮ ಮೂಕಾಂಬಿಕೆಯದಲ್ಲ. ಈ ಹೆಸರು ಓದಿ ಹೆಮ್ಮೆಪಟ್ಟು ಆಮೇಲೆ ಪೆಚ್ಚಾದವರನ್ನು ಕಂಡಿದ್ದೇನೆ.

ಇನ್ನು ಛಾಯೆಯನ್ನು ಅಳೆಯುವುದು ಹೇಗೆ? ಇದನ್ನು ತಿಳಿಯಲು ಶಿವಮೊಗ್ಗದವರಿಗೆ ಅಡಿಕೆ ಮಂಡಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ವಿಂಗಡಿಸುವಾಗ ಕಾಯಿಯ ಎಳಸು, ಬೇಯಿಸಿದ ಹದ, ಚೊಗರು ಹಿಡಿದ ಬಣ್ಣ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತಮ್ಮ ಅಂಗಳದಲ್ಲಿ ಎಲ್ಲರ ಅಡಿಕೆಯೂ ಸರಕೇ. ಮಂಡಿಗೆ ತಂದು ಪಕ್ಕದವರ ರಾಶಿಯ ಹತ್ತಿರ ಸುರಿದಾಗ ತಮ್ಮದರ ಬಣ್ಣ ಏನೆಂದು ತಿಳಿಯುತ್ತದೆ. ಕಣ್ಣಿಗೆ ಬಣ್ಣದ ನೆನಪು ಕಡಿಮೆ, ಹೋಲಿಸುವ ಶಕ್ತಿ ಮಾತ್ರ ಅಪಾರ.

ವಜ್ರದ ಪ್ರಯೋಗಾಲಯದಲ್ಲಿ ನಡೆಯುವುದೂ ಹೋಲಿಕೆಯೇ. ಮೊದಲೇ ಬಣ್ಣ ನಿಗದಿಪಡಿಸಿದ ಮಾದರಿ ವಜ್ರಗಳ ಒಂದು ಸಾಲು ಇರುತ್ತದೆ. ಜಿಐಎ ಪದ್ಧತಿಯಲ್ಲಿ ಪ್ರತಿ ಮಾದರಿಯೂ ತನ್ನ ಅಕ್ಷರದ ತೀರಾ ತಿಳಿಯಾದ ತುದಿಯನ್ನು ಸೂಚಿಸುತ್ತದೆ. ಹಗಲಿನ ಬೆಳಕಿಗೆ ಸಮನಾದ ದೀಪದ ಕೆಳಗೆ, ಬಣ್ಣವಿಲ್ಲದ ಹಿನ್ನೆಲೆಯಲ್ಲಿ ಪರೀಕ್ಷಿಸಬೇಕಾದ ಹರಳನ್ನು ಆ ಸಾಲಿನ ಪಕ್ಕ ಸರಿಸುತ್ತ ಹೋಗುತ್ತಾರೆ. ಒಂದೇ ಹರಳು ಮಾದರಿಯ ಎಡಕ್ಕಿದ್ದಾಗ ಒಂದು ಬಗೆ, ಬಲಕ್ಕಿದ್ದಾಗ ಇನ್ನೊಂದು ಬಗೆ ಕಾಣುವ ವಿಚಿತ್ರವೂ ಉಂಟು; ಆದ್ದರಿಂದ ಎರಡೂ ಕಡೆ ಇಟ್ಟು ನೋಡುತ್ತಾರೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಾಗದಂತೆ ಒಂದಕ್ಕಿಂತ ಹೆಚ್ಚು ಜನ ನೋಡಿ ಅಭಿಪ್ರಾಯ ಕೂಡಿದ ಮೇಲೆ ಅಕ್ಷರ ಬರೆಯುತ್ತಾರೆ. ಅಭಿಪ್ರಾಯ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಕಾಗದದಲ್ಲಿ ಬಂದ ‘ಜಿ’ ತಕ್ಕಡಿಯಲ್ಲಿ ತೂಗಿದ ತೂಕದಂಥದ್ದಲ್ಲ. ಇನ್ನೊಂದು ಪ್ರಯೋಗಾಲಯ ಅದನ್ನೇ ‘ಎಫ್’ ಎಂದೋ ‘ಎಚ್’ ಎಂದೋ ಕರೆಯಬಹುದು.

ಇಷ್ಟೆಲ್ಲ ನಡೆಯುವಾಗ ಹರಳನ್ನು ಹೇಗೆ ಇಟ್ಟಿರುತ್ತಾರೆ ಎಂಬುದು ನಾವು ಹಿಡಿದಿಟ್ಟುಕೊಳ್ಳಬೇಕಾದ ಸಂಗತಿ. ಹರಳನ್ನು ಬೋರಲು ಹಾಕಿರುತ್ತಾರೆ. ಮೇಲಿನ ಚಪ್ಪಟೆ ಮುಖ ಕೆಳಗೆ, ಚೂಪಾದ ಬುಡ ಮೇಲೆ. ಮುಖವನ್ನೇ ನೋಡಿದರೆ ಥಳಥಳಿಸುವ ಬೆಳಕು ಬಣ್ಣವನ್ನು ಮುಚ್ಚಿಬಿಡುತ್ತದೆ. ಬುಡದ ಪಕ್ಕದಿಂದ ನೋಡಿದಾಗ ಹೊಳಪು ಅಡಗಿ ಮೈಬಣ್ಣ ಬಯಲಾಗುತ್ತದೆ. ಅಳೆಯುವವನಿಗೆ ಇದು ಸರಿ. ಆದರೆ ಯಾವ ಹೆಂಗಸೂ ವಜ್ರವನ್ನು ಬೋರಲಾಗಿ ತೊಟ್ಟುಕೊಳ್ಳುವುದಿಲ್ಲ. ನಾವು ದುಡ್ಡು ಕೊಡುವ ಅಕ್ಷರ ಹುಟ್ಟುವುದು ಒಂದು ಭಂಗಿಯಲ್ಲಿ, ನೆಂಟರು ನೋಡುವುದು ಇನ್ನೊಂದು ಭಂಗಿಯಲ್ಲಿ. ಬೋರಲು ಹಾಕಿದಾಗ ಎದ್ದು ಕಾಣುವ ‘ಇ’ ಮತ್ತು ‘ಜಿ’ಗಳ ಅಂತರ, ಒಳ್ಳೆಯ ಸಾಣೆಯ ದುಂಡು ಹರಳನ್ನು ನೆಟ್ಟಗೆ ಕೂರಿಸಿದ ಮೇಲೆ ಬಹುಮಂದಿಯ ಕಣ್ಣಿಗೆ ಬೀಳುವುದೇ ಇಲ್ಲ. ಬೆಲೆಪಟ್ಟಿಯಲ್ಲಿ ಮಾತ್ರ ಅದು ಚೆನ್ನಾಗಿಯೇ ಕಾಣುತ್ತದೆ.

ಹಾಗಾದರೆ ತೊಟ್ಟಾಗ ಬಣ್ಣ ಕಾಣುವುದು ಯಾವಾಗ? ಮೊದಲನೆಯದು ಗಾತ್ರ. ಹರಳು ದೊಡ್ಡದಾದಷ್ಟೂ ಬೆಳಕು ಅದರೊಳಗೆ ಹೆಚ್ಚು ದೂರ ನಡೆಯುತ್ತದೆ, ಬಣ್ಣ ಹೆಚ್ಚು ಹಿಡಿಯುತ್ತದೆ. ಲೋಟದಲ್ಲಿ ತಿಳಿಯಾದ ನೀರೇ ಬಾವಿಯಲ್ಲಿ ಬಣ್ಣದ್ದು. ಕ್ಯಾರೆಟ್ ಎಂದರೆ 0.2 ಗ್ರಾಂ, ಅದರ ನೂರರಲ್ಲಿ ಒಂದು ಪಾಲನ್ನು ಅಂಗಡಿಯವರು ಸೆಂಟ್ ಎನ್ನುತ್ತಾರೆ. ಐದು ಸೆಂಟಿನ ಮೂಗುತಿ ಹರಳು ಅಡ್ಡಗಲ ಎರಡೂವರೆ ಮಿಲಿಮೀಟರಿಗಿಂತ ಹೆಚ್ಚಿರುವುದಿಲ್ಲ. ಅಷ್ಟು ಪುಟ್ಟ ಹರಳು ‘ಡಿ’ಯೋ ‘ಎಚ್’ಓ ಎಂದು ಮೂಗಿನ ಮೇಲೆ ಗುರುತಿಸುವವರು ಯಾರು? ಒಂದು ಕ್ಯಾರೆಟ್ಟಿನ ದುಂಡು ಹರಳು ಸುಮಾರು ಆರೂವರೆ ಮಿಲಿಮೀಟರ್. ಅಲ್ಲಿ ‘ಕೆ’ಯ ಹಳದಿ ಗೊತ್ತಾಗುತ್ತದೆ. ಎರಡನೆಯದು ಆಕಾರ. ದುಂಡು ಸಾಣೆ ಬಣ್ಣವನ್ನು ಚೆನ್ನಾಗಿ ಅಡಗಿಸುತ್ತದೆ. ಮೊಟ್ಟೆಯಾಕಾರ ಮತ್ತು ಹನಿಯಾಕಾರದ ಹರಳುಗಳಲ್ಲಿ ತುದಿಗಳಿಗೆ ಬಣ್ಣ ಬಂದು ನಿಲ್ಲುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಚೌಕದಲ್ಲಿ ಮುಚ್ಚಿಡುವುದಕ್ಕೆ ಜಾಗವೇ ಇಲ್ಲ.

ಮೂರನೆಯದು, ನಮ್ಮ ಕಡೆಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಚಿನ್ನ. ಪ್ಲಾಟಿನಂ ಅಥವಾ ಬಿಳಿ ಚಿನ್ನದ ನಡುವೆ ಸಣ್ಣ ಹಳದಿಯೂ ತಪ್ಪಿಸಿಕೊಳ್ಳಲಾರದು. ಹಳದಿ ಚಿನ್ನದಲ್ಲಿ ಕೂರಿಸಿದ ‘ಐ’ ಅಥವಾ ‘ಜೆ’ ಬೆಳ್ಳಗೇ ಕಾಣುತ್ತದೆ, ಏಕೆಂದರೆ ಪಕ್ಕದಲ್ಲಿ ಅದಕ್ಕಿಂತ ಎಷ್ಟೋ ಹಳದಿಯಾದ ಲೋಹವಿದೆ. ಹಿಂಬದಿ ಮುಚ್ಚಿದ ಹಳೆಯ ಕಟ್ಟಿನ ಬೆಂಡೋಲೆಗಳಲ್ಲಂತೂ ಚಿನ್ನವೇ ಹರಳಿನ ತಳದ ಕನ್ನಡಿ. ಎಂಥ ‘ಡಿ’ಯನ್ನು ತಂದು ಅಲ್ಲಿ ಕೂರಿಸಿದರೂ ಚಿನ್ನದ ಛಾಯೆ ಒಂದಿಷ್ಟು ಅದಕ್ಕೆ ತಗಲುತ್ತದೆ. ಅಂಥ ಕಟ್ಟಿಗೆ ಏಣಿಯ ತುದಿಯ ಹರಳು ಕೊಳ್ಳುವುದು, ರೇಷ್ಮೆ ಸೀರೆ ಉಟ್ಟು ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡ ಹಾಗೆ.

ಇಷ್ಟು ತಿಳಿದ ಮೇಲೆ ನನ್ನ ಅಭಿಪ್ರಾಯ ಹೇಳುವುದಾದರೆ: ಹತ್ತು ಸೆಂಟಿನೊಳಗಿನ ದುಂಡು ಹರಳಿಗೆ ‘ಜಿಎಚ್’, ಅಂದರೆ ‘ಜಿ’ಯೋ ‘ಎಚ್’ಓ, ಧಾರಾಳವಾಗಿ ಸಾಕು. ಹಳದಿ ಚಿನ್ನದ ಉಂಗುರದಲ್ಲಿ ಅರ್ಧ ಕ್ಯಾರೆಟ್ಟಿನ ಒಂಟಿ ಹರಳಾದರೆ ‘ಎಚ್’ನಿಂದ ‘ಜೆ’ವರೆಗೆ ನಿಶ್ಚಿಂತೆಯಿಂದ ಇಳಿಯಬಹುದು. ಬಿಳಿ ಲೋಹಕ್ಕೆ ‘ಜಿ’ಯ ಆಸುಪಾಸು. ಹೀಗೆ ಉಳಿದ ಹಣವನ್ನು ಸಾಣೆಗೆ ಹಾಕಿ. ಸಾಣೆ ಕೆಟ್ಟ ‘ಡಿ’ ಸತ್ತ ಮೀನಿನ ಕಣ್ಣಿನಂತಿರುತ್ತದೆ. ಚೆನ್ನಾಗಿ ಸಾಣೆ ಹಿಡಿದ ‘ಎಚ್’ ಹಾಲ್‌ನ ಆ ತುದಿಯಿಂದಲೂ ಕಣ್ಣು ಕುಕ್ಕುತ್ತದೆ.

ನೋಡುವ ಜಾಗದ ಬಗ್ಗೆಯೂ ಹೇಳಬೇಕು. ಅಂಗಡಿಯ ಮೇಲ್ಛಾವಣಿಯ ಪುಟ್ಟ ಪುಟ್ಟ ದೀಪಗಳು ಇರುವುದೇ ಹರಳನ್ನು ಮಿಂಚಿಸಲು. ಬಣ್ಣ ತೋರಿಸುವುದು ಅವುಗಳ ಕೆಲಸವಲ್ಲ. ನೆತ್ತಿಯ ಮೇಲಿನ ಬಿಸಿಲೂ ಹಾಗೆಯೇ. ಬಣ್ಣ ನೋಡಲು ಬೇಕಾದದ್ದು ಹರಡಿಕೊಂಡ, ನೆರಳು ಕೆಡವದ ತಣ್ಣನೆಯ ಬೆಳಕು. ಅಂದರೆ ಜುಲೈ ತಿಂಗಳ ಶಿವಮೊಗ್ಗದ ಆಕಾಶ! ಬೇರೆಯವರು ದುಡ್ಡು ಕೊಟ್ಟು ದೀಪ ತಂದು ಮಾಡಿಕೊಳ್ಳುವ ವ್ಯವಸ್ಥೆಯನ್ನು ಮೋಡ ನಮಗೆ ನಾಲ್ಕು ತಿಂಗಳು ಪುಕ್ಕಟೆ ಕೊಡುತ್ತದೆ. ಆದರೆ ತೋಟಕ್ಕೆ ಮುಖ ಮಾಡಿದ ಜಗುಲಿಯಲ್ಲಿ ನೋಡಬೇಡಿ. ಅಡಿಕೆ ಸೋಗೆಯ ಮೇಲೆ ಬಿದ್ದು ಬರುವ ಬೆಳಕಿನಲ್ಲಿ ಹಸಿರು ಬೆರೆತಿರುತ್ತದೆ, ಹರಳು ಅದನ್ನೆಲ್ಲ ನುಂಗಿ ನಿಮಗೇ ತೋರಿಸುತ್ತದೆ. ತೊಟ್ಟ ಬಟ್ಟೆಯ ಬಣ್ಣವೂ ಒಳಗೆ ಇಣುಕುತ್ತದೆ. ಕಡುಗೆಂಪು ಅಂಗಿ ಹಾಕಿಕೊಂಡು ವಜ್ರ ಕೊಳ್ಳಲು ಹೋಗುವುದು ಜಾಣತನವಲ್ಲ.

ಬಿಡಿ ಹರಳಾದರೆ ಒಂದು ಬಿಳಿ ಕಾಗದವನ್ನು ನಡುವೆ ಮಡಿಚಿ, ಆ ಮಡಿಕೆಯಲ್ಲಿ ಹರಳನ್ನು ಬೋರಲಾಗಿ ಮಲಗಿಸಿ ಪಕ್ಕದಿಂದ ನೋಡಬೇಕು. ಒಂದನ್ನೇ ನೋಡಿದರೆ ಪ್ರಯೋಜನವಿಲ್ಲ. ಎರಡು ಅಕ್ಷರ ಮೇಲಿನದನ್ನೂ ಎರಡು ಅಕ್ಷರ ಕೆಳಗಿನದನ್ನೂ ಕೇಳಿ ಪಕ್ಕಪಕ್ಕ ಇಡಿಸಿ. ಆಮೇಲೆ ಮೂರನ್ನೂ ನೆಟ್ಟಗೆ ತಿರುಗಿಸಿ ನೋಡಿ. ವ್ಯತ್ಯಾಸ ನಿಮಗೆ ಕಾಣದಿದ್ದರೆ ಅದಕ್ಕಾಗಿ ಹಣ ಕೊಡಬೇಕೇ ಎಂಬುದನ್ನು ನೀವೇ ನಿರ್ಧರಿಸಬಹುದು. ಕಣ್ಣು ಕೋರೈಸುವಷ್ಟು ಬಿಳಿಯಾದ ನುಣುಪು ಕಾಗದ ಬೇಡ. ಅಂಥ ಕಾಗದಕ್ಕೆ ಬೆರೆಸಿದ ಹೊಳಪು ಪದಾರ್ಥ ತಾನೇ ನೀಲಿ ಸೂಸುತ್ತದೆ. ಹರಳೂ ತೊಳೆದದ್ದಾಗಿರಬೇಕು. ವಜ್ರಕ್ಕೆ ಜಿಡ್ಡಿನ ಮೇಲೆ ಬಹಳ ಪ್ರೀತಿ. ಆಫ್ರಿಕದ ಗಣಿಗಳಲ್ಲಿ ಜಿಡ್ಡು ಬಳಿದ ಮೇಜಿನ ಮೇಲೆ ಜಲ್ಲಿಯನ್ನು ನೀರಿನೊಡನೆ ಹಾಯಿಸಿದರೆ ಕಲ್ಲು ಕೊಚ್ಚಿಹೋಗಿ ವಜ್ರ ಅಂಟಿಕೊಳ್ಳುತ್ತಿತ್ತು. ಕಿವಿಯ ಎಣ್ಣೆ, ಅರಿಸಿನ, ಪೌಡರು ಎಲ್ಲವನ್ನೂ ಅದು ಅದೇ ಅಕ್ಕರೆಯಿಂದ ಹಿಡಿದುಕೊಳ್ಳುತ್ತದೆ. ಹಿಂಬದಿ ತೆರೆದ ಒಡವೆಯನ್ನು ಅಂಟುವಾಳದ ನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್ಷಿನಲ್ಲಿ ತಿಕ್ಕಿದರೆ ಒಂದೆರಡು ಅಕ್ಷರ ಮೇಲೇರಿದಂತೆ ಕಂಡರೂ ಆಶ್ಚರ್ಯವಿಲ್ಲ. ಹಿಂಬದಿ ಮುಚ್ಚಿದ್ದನ್ನು ಮಾತ್ರ ನೆನೆಸಬೇಡಿ. ನೀರು ಒಳಗೆ ಸೇರಿದರೆ ಹೊರಗೆ ಬರುವುದಿಲ್ಲ, ಹರಳು ಮಂಕಾಗುತ್ತದೆ.

ಹಳಬರ ಬಾಯಲ್ಲಿ ಇನ್ನೊಂದು ಮಾತು ಕೇಳಿರುತ್ತೀರಿ: ‘ನಮ್ಮದು ಬ್ಲೂ ಜಾಗರ್ ವಜ್ರ.’ ದೊಡ್ಡಮ್ಮನೂ ಹೇಳುತ್ತಿದ್ದರು, ಅದೊಂದು ಬಿರುದು ಎಂಬಂತೆ. ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೇನ್ ಗಣಿಯ ಹೆಸರು ಸವೆದು ಸವೆದು ಜಾಗರ್ ಆಗಿ ನಮ್ಮ ಅಜ್ಜಿಯರ ನಾಲಗೆಗೆ ಬಂದದ್ದು. 1893ರಲ್ಲಿ ಎಕ್ಸೆಲ್ಸಿಯರ್ ಎಂಬ ಭಾರಿ ವಜ್ರ ಸಿಕ್ಕಿದ್ದೂ ಅಲ್ಲೇ. ಅಲ್ಲಿನ ಒಳ್ಳೆಯ ಹರಳುಗಳು ಹಗಲಿನಲ್ಲಿ ನೀಲಿ ಬೆರೆತ ಬಿಳುಪು ಸೂಸುತ್ತಿದ್ದವು. ಆ ನೀಲಿ ಹರಳಿನ ಮೈಬಣ್ಣವಲ್ಲ. ನೇರಳಾತೀತ ಕಿರಣ ಬಿದ್ದಾಗ ಕೆಲವು ವಜ್ರಗಳು ತಾವೇ ಮಂದವಾಗಿ ಬೆಳಗುತ್ತವೆ; ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಒಡವೆಗೆ ಬಳಸುವ ವಜ್ರಗಳಲ್ಲಿ ನೂರಕ್ಕೆ ಇಪ್ಪತ್ತೈದರಿಂದ ಮೂವತ್ತೈದರಲ್ಲಿ ಈ ಗುಣ ಅಷ್ಟೋ ಇಷ್ಟೋ ಇರುತ್ತದೆ, ಹೆಚ್ಚಿನವು ನೀಲಿಯನ್ನೇ ಸೂಸುತ್ತವೆ.

ಇದರಲ್ಲಿ ಒಂದು ಸೊಗಸಿದೆ. ಹಳದಿ ತರುವ ಆ ಮೂರು ಸಾರಜನಕದ ಕೂಟವೇ ನೀಲಿಯನ್ನೂ ಸೂಸುವುದು. ಕೊಳೆ ಮಾಡಿದವನೇ ತೊಳೆದೂ ಕೊಟ್ಟಂತೆ. ಹಳದಿ ತಿರುಗಿದ ಬಿಳಿ ಪಂಚೆಗೆ ನಮ್ಮ ಮನೆಗಳಲ್ಲಿ ನೀಲಿ ಅದ್ದುತ್ತಿರಲಿಲ್ಲವೇ, ಹಾಗೆ ಈ ನೀಲಿ ಹರಳಿನ ಹಳದಿಯನ್ನು ಮರೆಸುತ್ತದೆ. ‘ಐ’, ‘ಜೆ’, ‘ಕೆ’ ಬಣ್ಣದ ಹರಳಿಗೆ ಇದು ಹಗಲಿನಲ್ಲಿ ಲಾಭ. ಆದರೆ ಇಂದಿನ ಮಾರುಕಟ್ಟೆ, ಅದರಲ್ಲೂ ‘ಡಿ’ಯಿಂದ ‘ಎಫ್’ವರೆಗಿನ ಹರಳುಗಳಲ್ಲಿ, ಗಾಢ ಪ್ರತಿದೀಪ್ತಿಯನ್ನು ದೋಷವೆಂದು ಬಗೆದು ಬೆಲೆ ಇಳಿಸುತ್ತದೆ. ಅಪರೂಪಕ್ಕೆ ಕೆಲವು ಹರಳು ಅದರೊಡನೆ ಮಸುಕಾಗಿ ಕಾಣುವುದುಂಟು. ಉಳಿದಂತೆ, ಸಾಮಾನ್ಯ ಜನರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ ಎಂದು 1997ರಲ್ಲಿ ಜಿಐಎ ತಾನೇ ನಡೆಸಿದ ಪರೀಕ್ಷೆ ತೋರಿಸಿತು. ಅಜ್ಜಿ ಹೆಚ್ಚು ಕೊಟ್ಟು ಕೊಂಡದ್ದನ್ನು ಮೊಮ್ಮಗಳಿಗೆ ರಿಯಾಯಿತಿಯಲ್ಲಿ ಮಾರುತ್ತಿದ್ದಾರೆ ಎಂದಾಯಿತು. ಮಸುಕಿಲ್ಲ ಎಂದು ಹಗಲಿನಲ್ಲಿ ಖಚಿತಪಡಿಸಿಕೊಂಡರೆ ನಾನಂತೂ ಸಂತೋಷದಿಂದ ಕೊಳ್ಳುವೆ. ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಹಿಡಿದರೆ ಯಾವ ಹರಳು ನೀಲಿ ಸೂಸುತ್ತದೆ ಎಂದು ಯಾರಾದರೂ ತಿಳಿಯಬಹುದು.

ಅಜ್ಜಿಯರ ಮದುವೆಗಳು ಹಗಲಿನಲ್ಲಿ, ಅಂಗಳದ ಚಪ್ಪರದಲ್ಲಿ ನಡೆಯುತ್ತಿದ್ದವು ಎಂಬುದನ್ನೂ ಮರೆಯಬಾರದು. ಆಕಾಶದ ಬೆಳಕಿನಲ್ಲಿ ನೇರಳಾತೀತ ಇದ್ದೇ ಇರುತ್ತದೆ. ಕಲ್ಯಾಣಮಂಟಪದ ಎಲ್‌ಇಡಿ ದೀಪಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಳೆಯ ಓಲೆ ಆರತಕ್ಷತೆಯಲ್ಲಿ ಹಳದಿಯಾಗಿ ಕಂಡು, ಮರುದಿನ ಬೆಳಿಗ್ಗೆ ದೇವಸ್ಥಾನದ ಅಂಗಳದಲ್ಲಿ ಮತ್ತೆ ಬೆಳ್ಳಗಾದರೆ ಗಾಬರಿಯಾಗುವುದು ಬೇಡ.

ಅಂಗಡಿಯ ಪರಿಭಾಷೆಯಲ್ಲಿ ಎರಡು ಮಾತು ಗೊತ್ತಿದ್ದರೆ ಒಳ್ಳೆಯದು. ಸಣ್ಣ ಹರಳುಗಳನ್ನು ಒಂದೊಂದಾಗಿ ಅಳೆಯುವುದು ದುಬಾರಿ ಕೆಲಸ. ಪೊಟ್ಟಣದಲ್ಲಿ ರಾಶಿಯಾಗಿಯೇ ‘ಇಎಫ್’, ‘ಜಿಎಚ್’, ‘ಐಜೆ’ ಎಂದು ಜೋಡಿ ಅಕ್ಷರದಲ್ಲಿ ವಿಂಗಡಿಸುತ್ತಾರೆ. ಆಮೇಲೆ ‘ಬಿಜಿಎಂ’ ಇದೆಯೇ ಎಂದು ಕೇಳಿ. ಕಂದು, ಹಸಿರು, ಹಾಲುಮಸುಕು ಎಂಬ ಮೂರು ದೋಷಗಳ ಇಂಗ್ಲಿಷ್ ಮೊದಲಕ್ಷರ ಅದು. ಅಕ್ಷರ ಒಂದೇ ಇದ್ದರೂ ಹಳದಿ ಛಾಯೆಯ ಹರಳಿಗಿಂತ ಕಂದು ಛಾಯೆಯದು ಸಾಮಾನ್ಯವಾಗಿ ಅಗ್ಗ. ಅದನ್ನು ಮರೆಮಾಚಿ ಮಾರುವವರೂ ಇದ್ದಾರೆ. ಕಟ್ಟಿದ ಒಡವೆಗೆ ಕೊಡುವ ಪ್ರಮಾಣಪತ್ರದಲ್ಲಿ ಬಣ್ಣ ಒಂದು ಅಂದಾಜು ಮಾತ್ರ, ಏಕೆಂದರೆ ಚಿನ್ನದೊಳಗೆ ಕೂತ ಹರಳನ್ನು ಬೋರಲು ಹಾಕಲು ಬರುವುದಿಲ್ಲ. ಇನ್ನು ಹಾಲ್‌ಮಾರ್ಕ್ ಮುದ್ರೆ ಸಾಕ್ಷಿ ಹೇಳುವುದು ಚಿನ್ನದ ಶುದ್ಧತೆಗೆ. ವಜ್ರದ ಬಗ್ಗೆ ಅದು ಒಂದು ಮಾತನ್ನೂ ಆಡುವುದಿಲ್ಲ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಗಳಿಗೆ ಈ ಏಣಿಯ ಅರ್ಥವೇ ಬೇರೆ. ಅವೂ ನಿಜವಾದ ಇಂಗಾಲದ ಹರಳುಗಳೇ. ಆದರೆ ಸಾರಜನಕವನ್ನು ಹೊರಗಿಡುವುದು ಅಲ್ಲಿ ಅದೃಷ್ಟಕ್ಕೆ ಬಿಟ್ಟದ್ದಲ್ಲ, ಯಂತ್ರದ ಹತೋಟಿಯಲ್ಲಿ ಇರುವಂಥದ್ದು. ಹೀಗಾಗಿ ‘ಡಿ’, ‘ಇ’ ಅಲ್ಲಿ ಅಪರೂಪವೇನಲ್ಲ. ಬೆಳೆಸಿದ ಹರಳುಗಳಿಗೆ ಒಂದೊಂದೇ ಅಕ್ಷರ ಕೊಡುವ ಪದ್ಧತಿಯನ್ನು ಬಿಡುವುದಾಗಿ ಜಿಐಎ 2025ರಲ್ಲಿ ಪ್ರಕಟಿಸಿದ್ದಕ್ಕೆ ಇದೂ ಹಿನ್ನೆಲೆ. ಅಂಥದ್ದನ್ನು ಕೊಳ್ಳುವವರು ಕಂದು ಅಥವಾ ನೀಲಿಯ ಸೋಂಕು ಇದೆಯೇ ಎಂದು ಹಗಲಿನಲ್ಲಿ ಒಮ್ಮೆ ನೋಡಿಕೊಂಡರೆ ಸಾಕು. ‘ಝಡ್’ ದಾಟಿದ ಕಡು ಹಳದಿ ವಜ್ರಗಳದೂ ಈ ಏಣಿಗೇ ಸೇರದ ಗುಲಾಬಿ, ನೀಲಿ ವಜ್ರಗಳದೂ ಮತ್ತೊಂದೇ ಲೋಕ. ಏಣಿಯುದ್ದಕ್ಕೂ ಇಳಿಯುತ್ತ ಬಂದ ಬೆಲೆ ಅಲ್ಲಿ ಆಗುಂಬೆ ಘಾಟಿಯಂತೆ ಸರ್ರನೆ ಏರತೊಡಗುತ್ತದೆ. ಏಣಿಯ ಕೊನೆಯ ಮೆಟ್ಟಿಲಿನ ಪೇಲವ ಹಳದಿಯನ್ನು ಆ ಲೋಕದ್ದು ಎಂದು ಹೊಗಳಿ ತೋರಿಸಿದರೆ ಮಾತ್ರ ಪ್ರಮಾಣಪತ್ರದ ಅಕ್ಷರ ಓದಿ ನೋಡಿ.

ಓಲೆಯ ಕಥೆಗೆ ಬರುತ್ತೇನೆ. ಕೊನೆಗೆ ಅದನ್ನು ಗಾಂಧಿ ಬಜಾರಿನ ಒಳಗಲ್ಲಿಯಲ್ಲಿ ಕೂರುವ ಹಿರಿಯ ಅಕ್ಕಸಾಲಿಗರೊಬ್ಬರ ಬಳಿ ಒಯ್ದೆ. ಶೇಟರು ದೀಪ ಹಾಕಲಿಲ್ಲ. ಓಲೆಯನ್ನು ಹಿಡಿದು ಅಂಗಡಿಯ ಮೆಟ್ಟಿಲಿಗೆ ಬಂದು ಮೋಡದ ಬೆಳಕಿನಲ್ಲಿ ನೋಡಿದರು. ‘ಹರಳು ಬಹಳ ಚೆನ್ನಾಗಿದೆ, ಜಾಗ ತಪ್ಪಿದೆ’ ಎಂದರು. ಬಣ್ಣ ಮಾತ್ರವಲ್ಲ, ಸಾಣೆಯೂ ಬೇರೆಯಂತೆ. ಹಳೆಯ ಹರಳುಗಳ ಮೇಲ್ಮುಖ ಚಿಕ್ಕದು, ಒಂದೊಂದು ಮುಖವೂ ದಪ್ಪ, ಹೊಳಪು ನಿಧಾನವಾಗಿ ಹೊರಳುತ್ತದೆ. ಹೊಸದು ಚುರುಚುರು ಮಿನುಗುತ್ತದೆ. ಬೆಂಡೋಲೆಗೆ ಬೇಕಾದದ್ದು ಒಳ್ಳೆಯ ಹರಳಲ್ಲ, ಹೊಂದುವ ಹರಳು ಎಂದು ಹೇಳುತ್ತ ಅವರ ಕೈ ಆಗಲೇ ಡ್ರಾಯರಿನಲ್ಲಿತ್ತು.

ಜನ ಹಳೆಯ ಓಲೆ ಕೊಟ್ಟು ಹೊಸ ಮಾದರಿ ಮಾಡಿಸಿಕೊಂಡಾಗ ಉಳಿದ ಹರಳುಗಳ ಪೊಟ್ಟಣವೊಂದು ಅಲ್ಲಿಂದ ಬಂತು. ಹೊಸ ಹರಳನ್ನು ಬಿಚ್ಚಿ ಬದಿಗಿಟ್ಟು, ಪೊಟ್ಟಣದಿಂದ ಒಂದೊಂದನ್ನೇ ಕಡ್ಡಿಯ ತುದಿಯ ಮೇಣಕ್ಕೆ ಅಂಟಿಸಿ ಆ ಕುಳಿಯೊಳಗಿಟ್ಟು ಮೆಟ್ಟಿಲಿಗೆ ಹೋಗಿ ಬಂದರು. ಬೋರಲು ಹಾಕುವ ಗೋಜಿಗೆ ಹೋಗಲಿಲ್ಲ. ಹಿಂಬದಿ ಮುಚ್ಚಿದ ಕಟ್ಟಿಗೆ ಮೇಲಿನಿಂದ ಕಾಣುವುದೇ ಲೆಕ್ಕ. ಮೊದಲನೆಯದು ತುಸು ಕಂದು. ಎರಡು, ಮೂರು, ನಾಲ್ಕು ಯಾವುದೂ ಒಪ್ಪಲಿಲ್ಲ. ಐದನೆಯದನ್ನು ಇಟ್ಟು ಓಲೆಯನ್ನು ನನ್ನ ಕೈಗೆ ಕೊಟ್ಟು, ಯಾವುದು ಹೇಳಿ ಎಂದರು. ನಾನು ತಪ್ಪಾದದ್ದನ್ನು ತೋರಿಸಿದೆ. ಅಕ್ಷರದಲ್ಲಿ ಹೇಳುವುದಾದರೆ ಅದು ‘ಕೆ’ಯೋ ‘ಎಲ್’ಓ ಇದ್ದೀತು ಎಂದರು ಶೇಟರು. ಬೆಲೆ ಮೊದಲಿನ ಅಂಗಡಿಗೆ ಕೊಟ್ಟದ್ದರ ಅರ್ಧವೂ ಆಗಲಿಲ್ಲ.

ಬಿಚ್ಚಿದ ‘ಇಎಫ್’ ಹರಳಿಗೆ ಚಿನ್ನದ ನಾಲ್ಕು ಹಲ್ಲು ಕಟ್ಟಿಸಿ ಅಣ್ಣನ ಮಗಳಿಗೆ ಮೂಗುತಿ ಮಾಡಿಸಿದೆವು. ಒಂಟಿಯಾಗಿ ಅದು ಚೆನ್ನಾಗಿಯೇ ಹೊಳೆಯುತ್ತದೆ. ದೊಡ್ಡಮ್ಮ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ‘ಇಲ್ಲಿಗೆ ಸರಿಯಾಯಿತು ನೋಡು’ ಎಂದವರು, ತಮ್ಮ ಓಲೆಯ ಎಡಗಡೆಯ ಹರಳನ್ನು ಒಮ್ಮೆ ಬೆರಳಿನಿಂದ ತಡವಿಕೊಂಡರು. ಈಗ ಎಣ್ಣೆನೀರಿನ ದಿನ ಅದನ್ನು ಬಿಚ್ಚಿ ಡಬ್ಬಿಯಲ್ಲಿಟ್ಟೇ ಬಚ್ಚಲಿಗೆ ಹೋಗುತ್ತಾರೆ.